ಪೊರ್ಬುಗಳ ಎಣ್ಣೆ, ನನ್ನ ಮೈಕ್ರಾನು

ಮೊನ್ನೆ ಮಣಿಪಾಲದ ನಮ್ಮ ಫ್ಯಾಕ್ಟರಿಯ ಅಳತೆ ಕೋಣೆಯ ಬಾಗಿಲು ತೆರೆದೆ, ಗಪ್ಪೆಂದು ತೆಂಗಿನೆಣ್ಣೆಯ ವಾಸನೆ ಬಂತು. ನೆಲ ಒರೆಸುವ ಅಕ್ಕ ತಲೆಗೆ ಹಚ್ಚಿಕೊಂಡು ಬಂದಿದ್ದರು, ಅಷ್ಟೆ. ಆದರೆ ನನಗೆ ಮೈಯೆಲ್ಲ ಉರಿಯಿತು. ಆ ಕೋಣೆಯಲ್ಲಿ ತೆಂಗಿನೆಣ್ಣೆ ವಾಸನೆ ಬಂದರೆ ನನಗೆ ಇಂದಿಗೂ ಹಾಗೆಯೇ. ಅಕ್ಕ ಪಾಪ, ನನ್ನ ಮುಖ ನೋಡಿ "ಎಂತ ಆಯ್ತು ಮೇಡಂ?" ಎಂದು ಕೇಳಿದರು. ಏನೂ ಇಲ್ಲ ಎಂದೆ. ಸಿಟ್ಟು ಬಂದದ್ದು ಅವರ ಮೇಲಲ್ಲ, ಹೋದ ವರ್ಷ ತೀರಿಕೊಂಡ ಒಬ್ಬರ ಮೇಲೆ ಎಂದು ಹೇಗೆ ಹೇಳುವುದು...

ಕಾರ್ಕಳದಲ್ಲಿ ಡಿಪ್ಲೊಮಾ ಮುಗಿಸಿದ ಮೇಲೆ ನಾನು ಮೊದಲು ಕೆಲಸಕ್ಕೆ ಸೇರಿದ್ದು ಕಾಪುವಿನಲ್ಲಿ, ಹೆದ್ದಾರಿ ಪಕ್ಕದ ಒಂದು ಸಣ್ಣ ವರ್ಕ್‌ಶಾಪಿಗೆ. ಎಲ್ಲೂರಿನ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಅಲ್ಲಿ ಪಂಪುಗಳಿಗೆ ಬೇಕಾದ ಬುಶ್‌ಗಳನ್ನು, ಅಂದರೆ ಒಳಗೆ ಶಾಫ್ಟ್ ತಿರುಗುವ ಕಂಚಿನ ಬಳೆಗಳನ್ನು, ಮಾಡಿ ಹುಬ್ಬಳ್ಳಿಯ ಒಂದು ಕಂಪನಿಗೆ ಕಳುಹಿಸುತ್ತಿದ್ದರು. ಶಾಪು ನಿಂತದ್ದೇ ಆ ಒಂದು ಆರ್ಡರಿನ ಮೇಲೆ. ಬಳೆಯ ಒಳಗಿನ ತೂತು ಸರಿಯಾಗಿದೆಯೇ ಎಂದು ಅಳೆಯುವುದು ನನ್ನ ಕೆಲಸ. ಧಣಿ ಕೊಂಕಣಿ ಮಾತಾಡುವ ಕ್ರೈಸ್ತರು, ಗಲ್ಫಿನಲ್ಲಿ ದುಡಿದು ಬಂದವರು. ನಮ್ಮ ಕಡೆ ಅಂಥವರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತಿದ್ದೆ. ಅವರಿಗೆ ನಾನು "ಬಾಯಿ". ಕೊಂಕಣಿಯಲ್ಲಿ ಮನೆಯ ಹುಡುಗಿಯರನ್ನು ಕರೆಯುವ ಹಾಗೆ.

ಪೊರ್ಬುಗಳಿಗೆ ಎಲೆಕ್ಟ್ರಾನಿಕ್ ಗೇಜುಗಳ, ಅಂದರೆ ಅಳತೆ ಸಾಧನಗಳ, ಹುಚ್ಚು. ಬೇರೆಯವರು ಮಂಗಳೂರಿಗೆ ಹೋದರೆ ಸಿಹಿತಿಂಡಿ ತರುತ್ತಾರೆ, ಇವರು ಗೇಜು ತರುತ್ತಿದ್ದರು. ಆರಿಸುವ ಕ್ರಮವಂತೂ ಒಂದೇ. ಯಾವುದರ ಸ್ಕ್ರೀನಿನಲ್ಲಿ ಚುಕ್ಕಿಯ ಆಚೆ ಅಂಕೆಗಳು ಹೆಚ್ಚೋ ಅದೇ ಒಳ್ಳೆಯದು. ಅಂಕೆ ತೋರಿಸಿದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ, ಒಂದೇ ತುಂಡನ್ನು ಮತ್ತೆ ಮತ್ತೆ ಅಳೆದಾಗ ಒಂದೇ ಉತ್ತರ ಬರಬೇಕು, ಮಶೀನು ತಣಿಸುವ ಕೂಲೆಂಟ್ ನೀರು ಸಿಡಿದರೆ ತಡೆಯಬೇಕು, ಜೊತೆಗೆ ಅಳತೆ ಸರಿಯಿದೆ ಎಂದು ಪರೀಕ್ಷಿಸಿ ಕೊಟ್ಟ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಇರಬೇಕು ಎಂದು ನಾನು ಹೇಳಿ ಹೇಳಿ ಸೋತೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. "ನೀನು ಪುಸ್ತಕ ಓದಿದವಳು ಬಾಯಿ. ಅಂಗಡಿಯವನು ದಿನಾ ಮಾರುವವನು. ಯಾರಿಗೆ ಹೆಚ್ಚು ಗೊತ್ತುಂಟು, ಹೇಳು?" ಎನ್ನುತ್ತಿದ್ದರು. ಹಾಗೆ ತಂದ ಕ್ಯಾಲಿಪರು ಒಂದು ವಾರ ಚೆನ್ನಾಗಿ ಓಡಿ, ಲೇತಿನ ಬಳಿ ನೀರು ಕುಡಿದು, ಯಾರೂ ಮುಟ್ಟದಿದ್ದರೂ ತನ್ನಷ್ಟಕ್ಕೆ ಅಂಕೆ ಬದಲಿಸುತ್ತಾ ಕೂರುತ್ತಿತ್ತು. ಅದನ್ನೂ ಎಸೆಯಲು ಬಿಡುತ್ತಿರಲಿಲ್ಲ. ಒಣಗಿದರೆ ಸರಿಯಾದೀತು ಎಂದು ಅಂಗಳದ ಬಿಸಿಲಿಗೆ ಇಡುತ್ತಿದ್ದರು.

ಕೊನೆಗೆ ನನ್ನ ಕಾಟ ತಡೆಯಲಾರದೆ ನಾನೇ ಆರಿಸಿದ ಒಂದು ನಿಜವಾದ ಒಳ್ಳೆಯ ಗೇಜು ತರಿಸಿದರು. ತೂತಿನೊಳಗೆ ಇಳಿಸಿ ಅಳೆಯುವ ಎಲೆಕ್ಟ್ರಾನಿಕ್ ಬೋರ್ ಗೇಜು. ಅದರ ಜೊತೆಗೆ ಒಂದು ಮಾಸ್ಟರ್ ರಿಂಗ್. ಈ ರಿಂಗಿನ ಅಳತೆ ಪಕ್ಕಾ. ಗೇಜನ್ನು ಮೊದಲು ಅದರೊಳಗೆ ಇಳಿಸಿ ಸೊನ್ನೆಗೆ ತರಬೇಕು, ಆಮೇಲೆ ನಮ್ಮ ಬಳೆಗಳನ್ನು ಅಳೆಯಬೇಕು. ರಿಂಗು ತಪ್ಪಿದರೆ ಎಲ್ಲವೂ ತಪ್ಪಿದಂತೆಯೇ. ಗಲ್ಫಿನಲ್ಲಿ ಕಂಡಂತೆ ಒಂದು ಗಾಜಿನ ಕೋಣೆ ಕಟ್ಟಿಸಿ, ಹಗಲೂ ರಾತ್ರಿ ಎಸಿ ಓಡುವಂತೆ ಮಾಡಿ, ಗೇಜನ್ನೂ ರಿಂಗನ್ನೂ ಅದರೊಳಗೆ ಇಟ್ಟರು. ನನಗೆ ಆ ದಿನ ಸಂಬಳ ಹೆಚ್ಚಾದಷ್ಟೇ ಖುಷಿಯಾಗಿತ್ತು.

ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಕಾಪುವಿನ ಸಮುದ್ರದ ಗಾಳಿಗೆ ಬಾಗಿಲ ಚಿಲಕವೂ ಬಾಳಿಕೆ ಬರುವುದಿಲ್ಲ, ಗೇಜುಗಳ ಪಾಡೇನು? ಅದಕ್ಕೆ ಪೊರ್ಬುಗಳು ಕಂಡುಕೊಂಡ ಮದ್ದು ತೆಂಗಿನೆಣ್ಣೆ. ತಮ್ಮದೇ ತೋಟದ ಕಾಯಿ, ಮಿಲ್ಲಿನಲ್ಲಿ ಎದುರಿಗೆ ನಿಂತು ಆಡಿಸಿದ ಎಣ್ಣೆ. ಸಂಜೆ ಎಲ್ಲರೂ ಹೊರಟ ಮೇಲೆ ಹಳೆಯ ಬನಿಯನ್ನಿನ ತುಂಡಿಗೆ ಅದನ್ನು ಮುಟ್ಟಿಸಿ ಒಂದೊಂದೇ ಗೇಜಿಗೆ ಹಚ್ಚುತ್ತಿದ್ದರು, ಮಕ್ಕಳಿಗೆ ಸ್ನಾನಕ್ಕೆ ಮುಂಚೆ ಹಚ್ಚಿದ ಹಾಗೆ. ಬಸ್ಸಿಗೆ ಹೊತ್ತಾದರೂ ಎಷ್ಟೋ ಸಲ ನಿಂತು ನೋಡಿದ್ದೇನೆ. ಆಗ ಆ ಮನುಷ್ಯನ ಮೇಲೆ ಸಿಟ್ಟು ಮಾಡಲು ಆಗುತ್ತಿರಲಿಲ್ಲ... ಮತ್ತು ನಿಜ ಹೇಳಬೇಕೆಂದರೆ, ಅವರ ಒಂದು ಗೇಜೂ ತುಕ್ಕು ಹಿಡಿದಿರಲಿಲ್ಲ.

ಎಸಿ ಕೋಣೆ ಬಂದ ಮೇಲೆ ಹುಬ್ಬಳ್ಳಿಯಿಂದ ಮಾಲು ವಾಪಸು ಬಂತು. ಶಾಫ್ಟ್ ಒಳಗೆ ಹೋಗುವುದಿಲ್ಲವಂತೆ. ತೂತು ಕೆಲವು ಮೈಕ್ರಾನು ಸಣ್ಣದಾಗಿದೆಯಂತೆ. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಮೈಕ್ರಾನು, ಕಣ್ಣಿಗೆ ಕಾಣುವ ವಸ್ತುವಲ್ಲ. ನಮ್ಮ ಗೇಜು ಮಾತ್ರ ಎಲ್ಲವೂ ಸರಿ ಎನ್ನುತ್ತಿತ್ತು. ಬ್ಯಾಟರಿ ಬದಲಿಸಿದೆ, ಗೇಜಿನ ಮೊನೆ ಒರೆಸಿದೆ, ಮಶೀನಿನವರೊಡನೆ ಜಗಳವಾಡಿದೆ. ಏನೂ ಸಿಗಲಿಲ್ಲ. ಒಂದು ಬೆಳಿಗ್ಗೆ ಮಾಸ್ಟರ್ ರಿಂಗನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೆ ಒಳಮೈ ಸ್ವಲ್ಪ ಮಂಕು. ಉಗುರಿನಿಂದ ಕೆರೆದೆ. ಬೆಳ್ಳಗಿನದೇನೋ ಉಗುರಿಗೆ ಅಂಟಿ ಬಂತು.

ಅದು ತೆಂಗಿನೆಣ್ಣೆ. ಹೊರಗಿನ ಸೆಕೆಯಲ್ಲಿ ನೀರಾಗಿರುತ್ತಿದ್ದ ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತಿತ್ತು. ಎಸಿಯ ತಂಪಿಗೆ ಅದು ಗಟ್ಟಿಯಾಗಿ, ರಿಂಗಿನ ಒಳಗೆ ತೆಳ್ಳಗೆ ಅಂಟಿ ಕೂತಿತ್ತು. ಅಷ್ಟರಮಟ್ಟಿಗೆ ರಿಂಗು ಕಿರಿದಾಗಿತ್ತು. ಆ ಕಿರಿದನ್ನೇ ಸರಿ ಎಂದುಕೊಂಡು ಗೇಜು ನಮ್ಮಿಂದ ಬಳೆಗಳನ್ನೂ ಕಿರಿದು ಮಾಡಿಸಿತ್ತು.

ನಾನು ಓಡಿ ಹೋಗಿ ಪೊರ್ಬುಗಳನ್ನು ಕರೆತಂದೆ. ಗಾಜಿನ ತುಂಡಿನ ಮೇಲೆ ಅವರ ಎಣ್ಣೆಯನ್ನೇ ಒಂದು ತೊಟ್ಟು ಹಾಕಿ ಎಸಿಯ ಎದುರು ಇಟ್ಟೆ. ಇಬ್ಬರೂ ಕಾದೆವು. ಅದು ಮೆಲ್ಲಗೆ ಬೆಳ್ಳಗಾಯಿತು. ಪೊರ್ಬುಗಳ ಮುಖ ಅರಳಿತು.

"ನೋಡಿದ್ಯಾ ಬಾಯಿ? ಶುದ್ಧ ಎಣ್ಣೆ! ಕಲಬೆರಕೆ ಆದ್ರೆ ಹೀಗೆ ಗಟ್ಟಿ ಆಗ್ತದಾ?"

ನಾನು ತಲೆ ತಲೆ ಚಚ್ಚಿಕೊಂಡೆ.

ಹುಬ್ಬಳ್ಳಿಯವರು ಇನ್ನೊಂದೇ ಅವಕಾಶ ಕೊಟ್ಟಿದ್ದರು. ಮತ್ತೆ ತಪ್ಪಿದರೆ ಆರ್ಡರು ಬೇರೆಯವರಿಗೆ. ತೂತು ಕಿರಿದಾಗಿದ್ದರಿಂದ ಮತ್ತೆ ಸ್ವಲ್ಪ ಉಜ್ಜಿ ಅಗಲ ಮಾಡಬಹುದಿತ್ತು, ಅದೊಂದು ಪುಣ್ಯ. ನಾನು ರಿಂಗನ್ನು ಸ್ಪಿರಿಟ್ಟಿನಲ್ಲಿ ತೊಳೆದು, ತುಕ್ಕು ತಡೆಯುವ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಇನ್ನು ಎಣ್ಣೆ ಮುಟ್ಟಿಸಬೇಡಿ ಎಂದು ಕೈಮುಗಿದೆ. "ಆಯ್ತು ಮಾರಾಯ್ತಿ, ಮುಟ್ಟುವುದಿಲ್ಲ," ಎಂದರು. ಮಾಲು ಅರ್ಧ ಮುಗಿಯುವಾಗ ಜ್ವರ ಬಂದು ನಾನು ಮಲಗಿದೆ.

ಭಾನುವಾರ ಗಾಳಿ ಜೋರಾಗಿತ್ತು. ಪೂಜೆ ಮುಗಿಸಿ ಚರ್ಚಿನಿಂದ ಹೊರಬಂದ ಪೊರ್ಬುಗಳಿಗೆ ರಿಂಗಿನ ಚಿಂತೆ ಹತ್ತಿತಂತೆ. ಕಾಗದ ಎಂಥ ಕಾಪಾಡೀತು, ಎನಿಸಿರಬೇಕು. ಸೀದಾ ಶಾಪಿಗೆ ಬಂದು ಪೆಟ್ಟಿಗೆ ಬಿಚ್ಚಿ ಹಚ್ಚಿದರು. ಶಾಪಿನ ಹುಡುಗರು ಗೇಜನ್ನು ಆ ರಿಂಗಿಗೇ ಹೊಂದಿಸಿ ಉಳಿದ ಮಾಲನ್ನು ಮುಗಿಸಿದರು. ನಾನು ಜ್ವರ ಬಿಟ್ಟು ಬಂದು ಪೆಟ್ಟಿಗೆ ತೆರೆದಾಗ ವಾಸನೆ ಮೂಗಿಗೆ ಬಡಿಯಿತು. ಲಾರಿ ಬೆಳಿಗ್ಗೆಯೇ ಹೊರಟಿತ್ತು.

"ಪೊರ್ಬುಗಳೇ, ಲಾರಿ ನಿಲ್ಲಿಸಿ. ಹುಬ್ಬಳ್ಳಿಗೆ ನಾವೇ ಫೋನ್ ಮಾಡಿ ಮಾಲು ವಾಪಸು ತರಿಸುವ."

"ಇಷ್ಟು ತೆಳ್ಳಗೆ ಹಚ್ಚಿದ್ದು ಬಾಯಿ, ಎಂತ ಆಗ್ತದೆ? ಇಷ್ಟು ವರ್ಷ ಏನಾದ್ರೂ ಆಗಿತ್ತಾ?"

ಎಸಿ ಇಲ್ಲದ ವರ್ಷಗಳಲ್ಲಿ ಏನೂ ಆಗಿರಲಿಲ್ಲ, ಅದು ನಿಜ. ಆ ನಿಜವೇ ನಮ್ಮನ್ನು ತಿಂದು ಹಾಕಿತು. ಲಾರಿ ನಿಲ್ಲಲಿಲ್ಲ. ಮಾಲು ಹುಬ್ಬಳ್ಳಿಯಲ್ಲಿ ರಿಜೆಕ್ಟ್ ಆಯಿತು, ಆರ್ಡರು ಹೋಯಿತು. ಆಮೇಲೂ ಬಂದವರೆದುರು ಪೊರ್ಬುಗಳು ಹೇಳಿದ್ದು ಒಂದೇ ಮಾತು: ಗೇಜೇ ಸರಿ ಇಲ್ಲ, ಇನ್ನೂ ಒಂದು ಅಂಕೆ ಹೆಚ್ಚಿರುವುದನ್ನು ತರಬೇಕಿತ್ತು. ಆ ಗೇಜು ಆರಿಸಿದವಳು ನಾನು! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ಎಷ್ಟು ದಿನ ವಾದಿಸುವುದು? ಕೆಲಸ ಬಿಡುತ್ತೇನೆ ಎಂದೆ. ಅವರು ಬೇಡ ಎನ್ನಲಿಲ್ಲ. ಶಾಪಿನ ಗೇಟಿನವರೆಗೆ ಬಂದು, "ಈಗ ಬಸ್ಸು ಸಿಗ್ತದಾ ಬಾಯಿ?" ಎಂದು ಮಾತ್ರ ಕೇಳಿದರು.

ಅವರು ತೀರಿಕೊಂಡ ಸುದ್ದಿ ತಿಳಿದದ್ದು ಮಣ್ಣು ಮಾಡಿದ ಮೇಲೆ. ಶಾಪು ಆಗಲೇ ಮುಚ್ಚಿತ್ತು. ಈಚೆಗೆ ಹುಬ್ಬಳ್ಳಿಯ ಆ ಕಂಪನಿಯ ಕ್ವಾಲಿಟಿಯವರೊಬ್ಬರು ನಮ್ಮ ಮಣಿಪಾಲದ ಫ್ಯಾಕ್ಟರಿಗೆ ಬಂದಿದ್ದರು. ನಾನು ಕಾಪುವಿನಲ್ಲಿ ಇದ್ದವಳು ಎಂದು ತಿಳಿದ ಕೂಡಲೇ ನಕ್ಕು, "ಆ ಎಣ್ಣಿ ಹುಡುಗಿ ನೀವೇ ಏನ್ರೀ?" ಎಂದರು. ಮಾಲು ರಿಜೆಕ್ಟ್ ಆದ ದಿನವೇ ಪೊರ್ಬುಗಳು ಅವರಿಗೆ ಫೋನ್ ಮಾಡಿದ್ದರಂತೆ. ಎಣ್ಣೆ ಹಚ್ಚಿದ್ದು ತಾನು, ಹುಡುಗಿ ಕೈಮುಗಿದು ಬೇಡ ಅಂದಿದ್ದಳು, ಗೇಜು ಒಳ್ಳೆಯದೇ, ಅವಳಿಗೆ ಕೆಟ್ಟ ಹೆಸರು ಬರುವುದು ಬೇಡ ಎಂದಿದ್ದರಂತೆ.

ಕೇಳಿ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಸಿಟ್ಟು ಇಮ್ಮಡಿಯಾಯಿತು. ಹುಬ್ಬಳ್ಳಿಯವರೆಗೆ ಫೋನಿನಲ್ಲಿ ಹೇಳಲು ಬಂದ ಮಾತನ್ನು ಗಾಜಿನ ಬಾಗಿಲಿನ ಈಚೆ ಕೂತಿದ್ದ ನನಗೆ ಹೇಳಲು ಏನಾಗಿತ್ತು? ಗೇಟಿನ ಬಳಿ ಬಸ್ಸಿನ ಮಾತು ಕೇಳುವ ಬದಲು ಅದನ್ನು ಹೇಳಿದ್ದರೆ ನಾನು ಆ ಬಸ್ಸು ಹತ್ತುತ್ತಿರಲಿಲ್ಲ. ಒಳಗೆ ಹೋಗಿ ಇನ್ನೊಂದು ಆರ್ಡರು ಹುಡುಕುತ್ತಿದ್ದೆವು... ಇಬ್ಬರೂ ಜಗಳವಾಡುತ್ತಲೇ. ಈಗ ನನ್ನ ಬಳಿ ಆಡಲು ಬೇಕಾದಷ್ಟು ಜಗಳ ಉಳಿದಿದೆ, ಎದುರಿಗೆ ಪೊರ್ಬುಗಳು ಇಲ್ಲ.