ಹೂಂ ಅಂದ್ರೆ ಸಾಲದು

ಬಸ್ ನಿಲ್ದಾಣದ ಶೌಚಾಲಯ ನೋಡಿಕೊಳ್ಳುವ ಗಡಿಯಾರದಕ್ಕನಿಗೆ ಆ ಅಡ್ಡಹೆಸರು ಬಂದು ಆರೇ ತಿಂಗಳು. ಅದಕ್ಕೆ ಮುಂಚೆ ಹತ್ತು ವರ್ಷ ಅವಳು ಬರೀ ಫಿನಾಯಿಲ್ ಅಕ್ಕ. ಕೈ ಚೊಕ್ಕ, ಬಾಯಿ ಜೋರು. ಅವಳ ಹತ್ತಿರ ಬೈಸಿಕೊಳ್ಳದೆ ಒಳಗೆ ಹೋದ ಡ್ರೈವರೇ ಇಲ್ಲ.

ಆಮೇಲೆ ಊರಿಗೆ ಆ ಹಾಳು ನಶೆ ಪೊಟ್ಟಣ ಬಂತು. ನೋಡೋಕೆ ಒಣಸೊಪ್ಪು, ಮೇಲೆ ಚಿಮುಕಿಸಿದ ಕೆಮಿಕಲ್ ಯಾವುದೋ, ಮಾಡಿದವನಿಗೂ ಗೊತ್ತಿಲ್ಲ. ನಿನ್ನೆ ಸೇದಿ ನಕ್ಕವನು ಇವತ್ತು ಅದನ್ನೇ ಸೇದಿ ಕೊರಡಿನ ಹಾಗೆ ಬೀಳುತ್ತಾನೆ. ಎರಡನೇ ಕೋಣೆಯಲ್ಲಿ ಒಬ್ಬ ಸತ್ತೇ ಹೋದ. ಅಕ್ಕ ಬಾಗಿಲು ಬಡಿದಿದ್ದಳು, ಅವನು "ಹೂಂ" ಅಂದಿದ್ದ, ಇವಳು ಸುಮ್ಮನಾಗಿದ್ದಳು. ಅವತ್ತಿನಿಂದ ಮುಚ್ಚಿದ ಬಾಗಿಲು ಕಂಡರೆ ಅವಳು ಹೋಗಿ ಕಿವಿಗೊಡುತ್ತಾಳೆ.

ಆರೋಗ್ಯ ಇಲಾಖೆಯ ನರ್ಸಮ್ಮ ಬಂದು ಹೇಳಿಕೊಟ್ಟಳು. "ಐದೈದು ನಿಮಿಷಕ್ಕೆ ಬಡೀರಿ. ಹೂಂ ಅನ್ನೋದು ಉತ್ತರ ಅಲ್ಲ ಅಕ್ಕಾ, ಪ್ರಜ್ಞೆ ತಪ್ಪುವಾಗಲೂ ಅಂತಾರೆ. ಹೆಸರು ಹೇಳಿಸಿ. ಹೇಳದಿದ್ರೆ ಹೊರಗಿಂದ ಬೀಗ ತೆಗೆದು, ಮಗ್ಗುಲಿಗೆ ಮಲಗಿಸಿ, ಆಂಬುಲೆನ್ಸಿಗೆ ಫೋನ್ ಮಾಡಿ."

"ಹೊಟ್ಟೆ ಕೆಟ್ಟು ಕೂತವನ ಹೆಸರು ಕೇಳಿದ್ರೆ ಮುಖಕ್ಕೆ ಉಗೀತಾನೆ ತಾಯೀ!" ಅಂದಳು ಅಕ್ಕ. ಆದರೂ ಗಡಿಯಾರ ನೋಡಿ ನೋಡಿ ಬಾಗಿಲು ಬಡಿದಳು, ಹೆಸರು ಕೇಳಿದಳು, ಉಗಿಸಿಕೊಂಡಳು, ಮೂವರನ್ನು ಉಳಿಸಿದಳು.

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಕೊನೇ ಕೋಣೆ. "ಯಾರಪ್ಪಾ ಒಳಗೆ? ಹೆಸರು ಹೇಳು!"

"ಹೂಂ."

ಅದು ತಮ್ಮನ ದನಿ. ಗೋಡೆಗೆ ಬಣ್ಣ ಬಳಿಯುವ ಒಬ್ಬನೇ ತಮ್ಮ, ಆ ಚಟ ಬಿಟ್ಟು ನಾಲ್ಕು ತಿಂಗಳಾಯ್ತು ಅಂತ ಅವಳ ಮೇಲೆ ಆಣೆ ಇಟ್ಟವನು. ಅಯ್ಯೋ ದೇವರೇ, ಅವನಾಗದಿರಲಿ. ಒಂದೇ ಥರ ದನಿ ಇರೋರು ಎಷ್ಟು ಜನ ಇಲ್ಲ! ಬಾಗಿಲು ತೆಗೆಯದಿದ್ದರೆ ಅವನು ಕೆಲಸದಲ್ಲೇ ಇದ್ದಾನೆ ಅಂದುಕೊಳ್ಳಬಹುದು. "ಹೆಸರು ಹೇಳೋ!" ಅಂತ ಕಿರುಚಿದಳು. ಈ ಸಲ ಹೂಂ ಕೂಡ ಬರಲಿಲ್ಲ. ಬೀಗದ ಕೈ ಹಾಕಿ ತಿರುಗಿಸಿ ಬಾಗಿಲು ತಳ್ಳಿದಳು.

ಅವನೇ. ಗೋಡೆಗೊರಗಿದ್ದ, ತುಟಿ ನೀಲಿಗಟ್ಟಿತ್ತು, ಅಂಗಿ ತುಂಬ ವಾಂತಿ. ಎಳೆದು ಮಗ್ಗುಲಿಗೆ ಮಲಗಿಸಿದಳು, ಬಾಯಿ ಒರೆಸಿದಳು, ಫೋನ್ ಮಾಡಿದಳು. ಸಾಲಿನಲ್ಲಿ ನಿಂತವರು ಇಣುಕಿ ನೋಡುತ್ತಿದ್ದರು. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

ಅವನು ಅರೆಗಣ್ಣು ತೆರೆದ. ಅವಳ ಮುಖವನ್ನೇ ನೋಡಿದರೂ ಗುರುತು ಹತ್ತಲಿಲ್ಲ. ಅವಳ ಕೈ ಹಿಡಿದು ತೊದಲಿದ: "ಅಮ್ಮಾ... ನಮ್ಮಕ್ಕಂಗೆ ಹೇಳಬೇಡಿ."

"ಹೇಳಲ್ಲ ಕಣಪ್ಪಾ," ಅಂದಳು. "ನೀನು ಉಸಿರಾಡು, ಅಷ್ಟು ಸಾಕು. ನಾನು ನಿಮ್ಮಕ್ಕಂಗೆ ಹೇಳಲ್ಲ."