ಸೂಡಿ ರಸ್ತೆಯ ಜಾಲಿಮುಳ್ಳು

ರಸ್ತೆಗೆ ಡಾಂಬರು ಹಾಕುತ್ತೇವೆ ಎಂದಿದ್ದರು, ಹಾಕಿದರು. ರಾಶಿ ಮಾಡಲು ಊರಿಗೊಂದು ಕಣ ಕಟ್ಟಿಸುತ್ತೇವೆ ಎಂದಿದ್ದರು, ಕಟ್ಟಿಸಲಿಲ್ಲ. ಪಂಚಾಯಿತಿಯವರನ್ನು ಕೇಳಿದರೆ ಜಾಗವಿಲ್ಲವಂತೆ. ಹಾಗಾಗಿ ಗೆಳೆಯರೇ, ರಾಶಿ ಈಗ ಡಾಂಬರಿನ ಮೇಲೆಯೇ.

ಇವತ್ತು ಸೂಡಿ ರಸ್ತೆಯಲ್ಲಿ ನನ್ನ ತೆಳು ಗಾಲಿಯ ಸೈಕಲ್ ಮತ್ತೆ ಪಂಕ್ಚರ್ ಆಯಿತು. ನಡುರಸ್ತೆಯಲ್ಲಿ ಹುರುಳಿ ಹರವಿ, ಆಡು ಬಾಯಿ ಹಾಕದಂತೆ ಅಂಚಿಗೆ ಜಾಲಿಮುಳ್ಳು ಇಟ್ಟಿದ್ದರು. ಕಾಳು ತುಳಿಯಬಾರದೆಂದು ನಾನು ಅಂಚಿಗೆ ಸರಿದೆ, ಮುಳ್ಳು ಹೊಕ್ಕಿತು. ಪ್ರತಿ ಸುಗ್ಗಿಯಲ್ಲೂ ಇದೇ ಪಾಡು. ಬೈಯಲೂ ತ್ರಾಣವಿಲ್ಲ.

“ಅಕ್ಕಾರ, ಮುಳ್ಳ ಒಂದೀಟು ಆಚಿ ಇಡಬಾರದೇನ್ರಿ?” ಎಂದೆ.

ಹುರುಳಿ ತಿರುವುತ್ತಿದ್ದ ಹೆಂಗಸು ತಲೆ ಎತ್ತಿದಳು. “ನಡುವ ಹಾಯಬೇಕಿಲ್ರಿ ಅಣ್ಣಾರ? ಲಾರಿ ಹಾಯ್ದ್ರ ಕಾಳು ಉದುರ್ತಾವ. ನಿಮ್ಮ ಸೈಕಲ್ ಹಾಯ್ದ್ರ ಹೊಟ್ಟೂ ಉದುರಂಗಿಲ್ಲ!”

“ಕಣ ಬೇಕಂತ ಸೋಮವಾರ ಮಧ್ಯಾಹ್ನ ಪಂಚಾಯಿತಿ ಮುಂದ ಸಭಾ ಐತಿ, ಬರ್ರಿ,” ಎಂದೆ.

“ಬಿಸಲಾಗ ರಾಶಿ ಬಿಟ್ಟು ಯಾರ್ ಬರ್ತಾರ್ರಿ? ಆಡು ತಿಂದು ಹೋದ್ರ, ನಿಮ್ಮ ಘೋಷಣಾ ಚೀಲದಾಗ ತುಂಬಕೊಂಡು ಒಯ್ಯಬೇಕೇನು?”

ರೈತರ ಸಭೆಯನ್ನು ರಾಶಿಯ ಹೊತ್ತಿಗೇ ಇಟ್ಟ ಸಂಘಟನೆ ನಮ್ಮದು.

ಸಭೆ ಬದಲಾಗಿದೆ. ಸೋಮವಾರ ಸಂಜೆ ಏಳಕ್ಕೆ, ಸೂಡಿ ರಸ್ತೆಯಲ್ಲಿ, ಆ ಹುರುಳಿಯ ಪಕ್ಕದಲ್ಲೇ. ನಡೆದು ಬನ್ನಿ, ಚಪ್ಪಲಿ ಗಟ್ಟಿಯಿರಲಿ.