ಗೋಡೆಗೆ ಸರಿಯಾಗಿ ಇಟ್ಟ ಪೆಟ್ಟಿಗೆ

ಯರಗುಪ್ಪಿಯ ಆಚೆಗಿರುವ ನಮ್ಮ ಊರಲ್ಲಿ ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಭೂಮಿ ನಡುಗಿತು. ಯಾರೂ ಸಾಯಲಿಲ್ಲ. ಎರಡು ಹಳೆಯ ಹಿತ್ತಲ ಗೋಡೆ ಬಿದ್ದವು. ನನ್ನ ಶೋಕೇಸಿನ ಪಿಂಗಾಣಿ ಕಪ್ಪುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಆಮೇಲೆ ದಿನಕ್ಕೊಂದೋ ಎರಡೋ ಸಣ್ಣ ಕಂಪನ. ಜನ ಅದಕ್ಕೂ ಹೊಂದಿಕೊಂಡರು.

ವಾರ ಕಳೆದ ಮೇಲೆ ಜೀಪಿನಲ್ಲಿ ಒಬ್ಬ ಹುಡುಗಿ ಬಂದಳು. ನವಲಗುಂದದ ಜಮಖಾನೆ ನೇಯುವ ಮನೆತನದವಳು, ಭೂಕಂಪದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಸುತ್ತಲಿನ ಊರುಗಳಲ್ಲಿ ಕಂಪನ ಅಳೆಯುವ ಒಂದೊಂದು ಯಂತ್ರ ಇಡಲು ಜಾಗ ಹುಡುಕುತ್ತಿದ್ದಳು. ಊರೆಲ್ಲ ಎರೆಮಣ್ಣಿನ ಮೇಲೆ ಕೂತಿದೆ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಆ ನೆಲ ಅವಳ ಯಂತ್ರಕ್ಕೆ ಆಗದು. ನಮ್ಮ ಮನೆಯ ಹಿಂದಿನ ಕೋಣೆ ಮಾತ್ರ ಬಂಡೆಯ ಮೇಲಿದೆ, ಅದರ ನೆಲವೇ ಬಂಡೆ. ಅವಳು ನನ್ನನ್ನು ನಂಬಲು ಇನ್ನೊಂದು ಕಾರಣವಿತ್ತು, ನನ್ನ ಇಂಗ್ಲಿಷು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು ನಾನು, ಹೈಸ್ಕೂಲಿನಲ್ಲಿ ಅದನ್ನೇ ಕಲಿಸಿ ರಿಟೈರ್ ಆದವಳು. ಮಾತನಾಡಲು ಒಬ್ಬರು ಸಿಕ್ಕರೆಂಬ ಖುಷಿಗೆ ಅಂದು ಕನ್ನಡವನ್ನೇ ಮರೆತೆ. ಅವಳು ನಕ್ಕು ಕನ್ನಡದಲ್ಲೇ ಉತ್ತರಿಸಿದಳು.

"ಅಕ್ಕೋರ, ದೊಡ್ಡದು ಆಗಿ ಹೋತು ಅಂದ್ರ ಮುಗೀತು ಅಂತಲ್ರಿ. ಅಲ್ಲಿ ಸಡ್ಲಾದ ಒತ್ತಡ ಬಾಜೂಕ್ಕ ಹೋಗಿ ಕುಂಡ್ರತೈತಿ. ಅಲ್ಲಿ ಬಂಡ್ಯಾಗ ಹಳೇ ಬಿರುಕಿದ್ರ ಅದು ಜಾರತೈತಿ, ಮತ್ತ ಸಣ್ಣ ಭೂಕಂಪ. ಬ್ಯಾಸಗ್ಯಾಗ ಎರಿ ಹೊಲದಾಗ ಒಂದ್ ಬಿರುಕು ಇನ್ನೊಂದ್ ಬಿರುಕನ್ನ ಹುಡುಕ್ಕೊಂಡು ಹೋಗತೈತಲ್ರಿ, ಹಂಗ."

ಟಿಫಿನ್ ಕ್ಯಾರಿಯರಿನಷ್ಟಿದ್ದ ಆ ಪೆಟ್ಟಿಗೆಯ ಮೇಲೆ ಒಂದು ಬಾಣದ ಗುರುತಿತ್ತು. ಅವಳು ದಿಕ್ಸೂಚಿ ಹಿಡಿದು ಬಾಣವನ್ನು ಉತ್ತರಕ್ಕೆ ಸರಿಯಾಗಿ ಹೊಂದಿಸಿದಳು. ನಮ್ಮ ಮನೆಯ ಗೋಡೆಗಳು ಯಾವ ದಿಕ್ಕಿಗೂ ನೇರ ಇಲ್ಲ, ಬಂಡೆ ಇದ್ದಂತೆ ಕಟ್ಟಿದ್ದು. ಹಾಗಾಗಿ ಪೆಟ್ಟಿಗೆ ಕೋಣೆಯಲ್ಲಿ ಸೊಟ್ಟಗೆ ಕಂಡಿತು.

"ಒಂದ್ ಬೆರಳಿನಷ್ಟೂ ಸರೀಬಾರದ್ರಿ ಅಕ್ಕೋರ. ನೆಲಾ ಯಾವ ದಿಕ್ಕಿಗೆ ಅಲುಗಿತು ಅಂತ ಈ ಬಾಣದಿಂದನ ಲೆಕ್ಕಾ ಹಾಕೋದ್ರಿ."

"ಡೋಂಟ್ ವರಿ, ಮೈ ಡಿಯರ್. ಇದು ನನ್ನ ಜವಾಬ್ದಾರಿ," ಅಂದೆ.

ಐದಾರು ವಾರ ಆ ಕೋಣೆಗೆ ಬೆಕ್ಕನ್ನೂ ಬಿಡಲಿಲ್ಲ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಚೇಷ್ಟೆ ಮಾಡುತ್ತಿದ್ದಳು: "ಏನ್ರಿ ಅಕ್ಕೋರ, ಈ ಡಬ್ಬಿ ತತ್ತಿ ಇಡತೈತೇನ್ರಿ, ಹಿಂಗ ಕಾಯಾಕತ್ತೀರಿ?"

ನಾಗರ ಪಂಚಮಿಯ ಹಿಂದಿನ ದಿನ ಮನೆಯೆಲ್ಲ ಸಾರಿಸಿ ತೊಳೆದೆವು. ಮಧ್ಯಾಹ್ನ ಆ ಕೋಣೆಯ ಬಾಗಿಲಲ್ಲಿ ನಿಂತೆ. ಸೊಟ್ಟಗಿದ್ದ ಪೆಟ್ಟಿಗೆ ಕಣ್ಣಿಗೆ ಚುಚ್ಚುತ್ತಿತ್ತು. ಹಾಸ್ಟೆಲಿನಲ್ಲಿ ಸಿಸ್ಟರ್‌ಗಳು ನಮ್ಮ ಟ್ರಂಕು, ಚಪ್ಪಲಿ, ಪುಸ್ತಕ ಎಲ್ಲವನ್ನೂ ಗೋಡೆಗೆ ಸರಿಯಾಗಿ ಇಡಿಸುತ್ತಿದ್ದರು. ಅರವತ್ತು ವರ್ಷವಾದರೂ ಆ ಚಟ ನನ್ನ ಕೈ ಬಿಟ್ಟಿಲ್ಲ. ಪೆಟ್ಟಿಗೆ ಎತ್ತಿ ಕೆಳಗಿನ ಧೂಳು ಒರೆಸಿದೆ.

"ಮುಟ್ಟಬ್ಯಾಡ್ರಿ ಅಂತ ಆ ಹುಡುಗಿ ಹೇಳಿದ್ಲಲ್ರಿ?" ಅಂದಳು ಕೆಲಸದವಳು.

"ನನಗ ಕಲಸಾಕ ಬಂದೀಯೇನು? ನಿನ್ನ ಕೆಲಸಾ ನೋಡು."

ಪೆಟ್ಟಿಗೆಯನ್ನು ಗೋಡೆಗೆ ಸಮನಾಗಿ ಇಟ್ಟೆ. ಈಗ ಕೋಣೆ ನೀಟಾಗಿ ಕಂಡಿತು. ಬಾಣದ ನೆನಪಾದದ್ದು ಮರುದಿನ ಹಬ್ಬದ ಉಂಡಿ ತಿನ್ನುವಾಗ. ತಿರುಗಿ ಇಡೋಣವೆಂದರೆ ಉತ್ತರ ಕರಾರುವಾಕ್ಕಾಗಿ ಎಲ್ಲಿದೆಯೆಂದು ತಿಳಿಯದು; ಮೊಬೈಲಿನಲ್ಲೂ ದಿಕ್ಸೂಚಿ ಇರುತ್ತದೆಂದು ಆಗ ನನಗೆ ಹೊಳೆಯಲಿಲ್ಲ. ಸ್ವಲ್ಪವೇ ತಿರುಗಿದ್ದು, ಏನಾದೀತು ಎಂದು ಸುಮ್ಮನಾದೆ.

ಶ್ರಾವಣ ಮುಗಿದಾಗ ಪೆಟ್ಟಿಗೆ ಒಯ್ಯಲು ಅವಳು ಬರಲಿಲ್ಲ, ಜೀಪಿನ ಡ್ರೈವರ್ ಬಂದ. ಹತ್ತು ದಿನದ ಮೇಲೆ ಅವಳ ಫೋನ್.

"ಅಕ್ಕೋರ, ಪಂಚಮಿ ಹಿಂದಿನ ದಿನಾ ಮಧ್ಯಾಹ್ನ ದೊಡ್ಡ ಅಲುಗಾಟ ಬಂದೈತ್ರಿ. ಡಬ್ಬಿಗೆ ಯಾರರ ಕೈ ಹಚ್ಚಿದ್ರೇನ್ರಿ?"

ಇಂಗ್ಲಿಷಿನಲ್ಲೇ ಬಂತು ನನ್ನ ಮಾತು. ನೋ, ನೋ, ನಾಟ್ ಅಟ್ ಆಲ್. ಅದಕ್ಕೆ ಒಂದು ಸುಳ್ಳನ್ನೂ ಸೇರಿಸಿದೆ: "ಬಾಜೂ ಕೋಣ್ಯಾಗ ಜೋಳದ ಚೀಲ ಬಿತ್ತು."

"ನೀವು ಹೇಳಿದ್ರ ಮುಗೀತ್ರಿ," ಅಂದಳು.

ದಸರೆಯ ಮುಂಚೆ ಅವಳೇ ಬಂದಳು, ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ. ಜಮಖಾನೆ ಬಿಡಿಸುವಂತೆ ಅದನ್ನು ನನ್ನ ಮುಂದೆ ಹಾಸಿದಳು. ಉಳಿದ ಊರುಗಳಲ್ಲಿ ಕಂಪನಗಳೆಲ್ಲ ನೆಲವನ್ನು ಒಂದೇ ದಿಕ್ಕಿಗೆ ಜಗ್ಗಿವೆ. ಪಂಚಮಿಯ ನಂತರ ನಮ್ಮ ಮನೆಯ ಕೆಳಗೆ ಮಾತ್ರ ಆ ದಿಕ್ಕು ಓರೆಯಾಗಿದೆ.

"ಕೆಳಗ ಯಾರೂ ಕಾಣದ ಹಳೇ ಬಿರುಕೊಂದು ಇರಬೇಕ್ರಿ. ಒತ್ತಡ ಅದರ ಮ್ಯಾಲೆ ಬಂದು ಕುಂತು ದಿಕ್ಕಾ ತಿರುವೇತಿ. ಇದು ಖರೇ ಆದ್ರ ನನ್ನ ಪಿಎಚ್.ಡಿ. ಇದರ ಮ್ಯಾಲೆನ ನಿಂದ್ರತೈತಿ ಅಕ್ಕೋರ. ಮುಂದಿನ ವಾರ ಯೂನಿವರ್ಸಿಟ್ಯಾಗ ಎಲ್ಲಾರ ಮುಂದ ಹೇಳಬೇಕು."

ಅವಳು ಕೆಂಪು ಪೆನ್ನಿನಿಂದ ಎಳೆದ ಆ ಬಿರುಕು ನೆಲದಲ್ಲಿರಲಿಲ್ಲ, ಅದು ನಾನು ಪೆಟ್ಟಿಗೆಯನ್ನು ಸಮ ಮಾಡಿಟ್ಟ ನನ್ನ ಕೋಣೆಯ ಗೋಡೆಯ ಗೆರೆ. ನನಗೆ ಗೊತ್ತಿತ್ತು. ಹೇಳಲು ಅದೇ ಹೊತ್ತು. ಚಹಾ ತಂದ ಕೆಲಸದವಳು ಟ್ರೇ ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವಳೆದುರು ತಲೆ ತಗ್ಗಿಸುವುದು ನನ್ನಿಂದ ಆಗಲಿಲ್ಲ.

"ವಂಡರ್‌ಫುಲ್," ಅಂದೆ.

ವಾರ ಕಳೆಯಿತು, ಫೋನ್ ಬರಲಿಲ್ಲ. ಇನ್ನೊಂದು ವಾರ ಕಾದು ನಾನೇ ಮಾಡಿದೆ. ಅವಳ ದನಿ ಸಣ್ಣದಾಗಿತ್ತು.

"ಡಬ್ಬಿ ತಿರುಗಿತ್ತೇನು ಅಂತ ನಮ್ಮ ಗೈಡ್ ಸರ್ ಕೇಳಿದ್ರು. ಇಲ್ರಿ, ಅಲ್ಲಿ ಅಕ್ಕೋರು ಅದಾರು, ಕಲ್ತವರು, ಸುಳ್ಳ ಹೇಳೋರಲ್ಲ ಅಂದೆ. ಎಲ್ಲಾರೂ ನಕ್ಕರ್ರಿ. ಕೆಲಸಾ ಮೊದಲಿಂದ ಮಾಡು ಅಂದಾರು."

ಹೇಳಿದೆ. ಇಂಗ್ಲಿಷಿನಲ್ಲಿ ಶುರು ಮಾಡಿ 'ಐ ಆ್ಯಮ್' ಎಂಬಲ್ಲಿಗೇ ನಿಂತೆ. ಮುಂದಿನದು ನಮ್ಮ ಮಾತಿನಲ್ಲೇ ಬಂತು. ಡಬ್ಬಿ ಗೋಡಿಗೆ ಸರಿ ಮಾಡಿ ತಿರುವಿದ್ದು ನಾನ, ಚೀಲ ಬಿದ್ದಿದ್ದು ಸುಳ್ಳು, ನಕ್ಷೆ ನೋಡಿದಾಗಲೂ ನನಗ ಗೊತ್ತಿತ್ತು.

ಬೈದಿದ್ದರೆ ಒಳ್ಳೆಯದಿತ್ತು.

"ಗೋಡಿಗೆ ಸರಿ ಇಟ್ಟಿದ್ರಿ? ಖರೇನ? ಹಂಗಾದ್ರ ಆ ಗೋಡಿ ದಿಕ್ಕು ಬೇಕ್ರಿ. ಎಷ್ಟು ತಿರುಗಿತ್ತು ಅಂತ ಗೊತ್ತಾದ್ರ ಅಷ್ಟು ಲೆಕ್ಕಾ ತಿದ್ದಬಹುದು. ಮೊಬೈಲ್‌ನ್ಯಾಗ ದಿಕ್ಸೂಚಿ ತಗೀರಿ, ಗೋಡಿಗೆ ಹಚ್ಚಿ ಹಿಡದು ಓದ್ರಿ."

ಸ್ಪೀಕರ್ ಹಾಕಿ ಹಿಂದಿನ ಕೋಣೆಗೆ ಹೋಗಿ ಮೊಬೈಲನ್ನು ಗೋಡೆಗೆ ಒತ್ತಿ ಹಿಡಿದು ಓದಿದೆ. ಮತ್ತೊಮ್ಮೆ ಓದಿಸಿದಳು. ಅದೇ ಅಂಕಿಯನ್ನು ಮೂರನೆಯ ಸಲ ಓದಿದ ಮೇಲೂ ಅವಳು ಹ್ಞೂಂ ಅನ್ನಲಿಲ್ಲ.

"ಮನ್ಯಾಗ ಆ ಅಕ್ಕ ಅದಾರೇನ್ರಿ? ಸಿಟ್ಟಾಗಬ್ಯಾಡ್ರಿ ಅಕ್ಕೋರ. ಅವರ ಕಡೆ ಒಮ್ಮೆ ಓದಿಸ್ರಿ."

ಕೆಲಸದವಳನ್ನು ಕರೆದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು, ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು, ಗೋಡೆಗೆ ಹಿಡಿದು, ಅಂಕಿಗಳನ್ನು ಬಿಡಿಬಿಡಿಯಾಗಿ ಓದಿದಳು.

"ಹ್ಞಾಂ, ಬರಕೊಂಡೆ," ಅಂದಳು ಹುಡುಗಿ.